ಮನೆ ಹೊರಗೆ ಸಾಕಿದ ಗಿನಿ ಪಿಗ್‌ಗಳ ಚಳಿಗಾಲ: ಪದೇ ಪದೇ ಕೇಳುವ ಪ್ರಶ್ನೆಗಳು

ದೀಪಾವಳಿ ಕಳೆದು ಮಾಗಿ ಚಳಿ ಶುರುವಾಗುತ್ತಿದ್ದ ಹಾಗೆ, ತಾರಸಿಯಲ್ಲೋ ಹಿತ್ತಲಲ್ಲೋ ಗಿನಿ ಪಿಗ್ ಸಾಕಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಆಗಿರುತ್ತವೆ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಈ ಪುಟ್ಟ ಪ್ರಾಣಿಗಳು ಬರೀ ಚಳಿಗೆ ಅಷ್ಟು ಬೇಗ ಸೋಲುವುದಿಲ್ಲ. ಚಳಿಯ ಜೊತೆ ತೇವ ಸೇರಿದರೆ, ಇಲ್ಲವೇ ಬೀಸುಗಾಳಿ ಸೇರಿದರೆ ಸೋಲುತ್ತವೆ. ಹಾಗಾಗಿ ಗೂಡನ್ನು ಬಿಸಿ ಮಾಡುವುದು ಹೇಗೆ ಅಂತ ಕೇಳುವ ಮೊದಲು, ಅದನ್ನು ಒಣಗಿಡುವುದು ಹೇಗೆ ಅಂತ ಯೋಚಿಸಿ.

ಗಿನಿ ಪಿಗ್ ಎಷ್ಟು ಚಳಿ ತಡೆಯುತ್ತದೆ?

ಸುಮಾರು 18ರಿಂದ 24 ಡಿಗ್ರಿ ಸೆಲ್ಸಿಯಸ್ ಇದ್ದರೆ ಅವು ಆರಾಮಾಗಿರುತ್ತವೆ. 15 ಡಿಗ್ರಿಗಿಂತ ಕೆಳಗಿಳಿದರೆ ಒಳಗೆ ತನ್ನಿ ಅನ್ನುವುದು ಬ್ರಿಟನ್ನಿನಂಥ ಚಳಿ ದೇಶಗಳಲ್ಲಿ ಸಾಮಾನ್ಯವಾಗಿ ಕೊಡುವ ಸಲಹೆ. ನಾನೂ ಆ 15ನ್ನೇ ಗೆರೆ ಅಂತ ಇಟ್ಟುಕೊಳ್ಳಿ ಅನ್ನುತ್ತೇನೆ.

ಆದರೆ ಮೊಬೈಲ್ ತೋರಿಸುವ ಊರಿನ ತಾಪಮಾನ ನೋಡಿ ಸುಮ್ಮನಾಗಬೇಡಿ. ನಿಮಗೆ ಬೇಕಾದದ್ದು ಗೂಡಿನೊಳಗಿನ ಅಂಕಿ. ಅಕ್ವೇರಿಯಂ ಅಂಗಡಿಯಲ್ಲಿ ಉದ್ದ ತಂತಿಯ ಚಿಕ್ಕ ಡಿಜಿಟಲ್ ಥರ್ಮಾಮೀಟರ್ ಸಿಗುತ್ತದೆ, ಬೆಲೆಯೂ ಜಾಸ್ತಿ ಇಲ್ಲ. ಅದರ ತುದಿಯನ್ನು ಮಲಗುವ ಪೆಟ್ಟಿಗೆಯ ಮೇಲ್ಭಾಗದಲ್ಲಿ, ಗಿನಿ ಪಿಗ್‌ಗಳ ಬಾಯಿಗೆ ಸಿಗದ ಕಡೆ ಸಿಕ್ಕಿಸಿ. ಬೆಳಗಿನ ಜಾವ ಐದರಿಂದ ಆರೂವರೆ ಒಳಗೆ ಒಮ್ಮೆ ನೋಡಿ. ದಿನದಲ್ಲಿ ಚಳಿ ಜಾಸ್ತಿ ಇರುವುದು ಆ ಹೊತ್ತಿನಲ್ಲೇ.

ಇದು ಆಂಡಿಸ್ ಬೆಟ್ಟದ ಪ್ರಾಣಿ ಅಲ್ವಾ? ಚಳಿ ಅಭ್ಯಾಸ ಇರಬೇಕಲ್ಲ?

ತುಂಬ ಜನ ಕೇಳುವ ಪ್ರಶ್ನೆ ಇದು. ದಕ್ಷಿಣ ಅಮೆರಿಕದ ಆಂಡಿಸ್ ಸೀಮೆಯಿಂದ ಬಂದದ್ದು ನಿಜ. ಆದರೆ ಅಲ್ಲಿನ ಜನ ಇದನ್ನು ಸಾವಿರಾರು ವರ್ಷಗಳಿಂದ ಸಾಕುತ್ತಾ ಬಂದಿದ್ದಾರೆ. ಬಹಳಷ್ಟು ಮನೆಗಳಲ್ಲಿ ಸಾಕುವುದು ಅಡುಗೆಮನೆಯ ನೆಲದ ಮೇಲೆ, ಒಲೆಯ ಆಸುಪಾಸಿನಲ್ಲಿ. ನಾವು ಸಾಕುವ ಗಿನಿ ಪಿಗ್ ಕಾಡಿನಲ್ಲಿ ಎಲ್ಲೂ ಇಲ್ಲ. ಅದರ ಕಾಡು ಸಂಬಂಧಿಗಳೂ ಬಯಲಲ್ಲಿ ಚಳಿಗೆ ಮೈಯೊಡ್ಡಿ ಕೂರುವುದಿಲ್ಲ. ಎತ್ತರದ ಹುಲ್ಲಿನೊಳಗೆ ದಾರಿ ಮಾಡಿಕೊಂಡು, ಗುಂಪಾಗಿ, ಮರೆಯಲ್ಲಿ ಬದುಕುತ್ತವೆ. ಹುಲ್ಲು, ಮರೆ, ಜೊತೆಗಾರರು, ಈ ಮೂರನ್ನು ನೀವು ಕೊಟ್ಟರೆ ಅರ್ಧ ಕೆಲಸ ಮುಗಿಯಿತು.

ಗಿನಿ ಪಿಗ್ ಚಳಿಗಾಲದಲ್ಲಿ ದೀರ್ಘನಿದ್ರೆಗೆ ಹೋಗುವ ಪ್ರಾಣಿಯೂ ಅಲ್ಲ. ಮೂಲೆಯಲ್ಲಿ ಅಲ್ಲಾಡದೆ ಬಿದ್ದಿದ್ದರೆ ಅದು ನಿದ್ದೆ ಮಾಡುತ್ತಿಲ್ಲ, ಅಪಾಯದಲ್ಲಿದೆ.

ಬೆಂಗಳೂರಿನಲ್ಲಿ ಅಂಥ ಚಳಿ ಎಲ್ಲಿದೆ? ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕಾ?

ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ರಾತ್ರಿ ಸಾಮಾನ್ಯವಾಗಿ 15, 16 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕೆಲವು ರಾತ್ರಿ 12ಕ್ಕೂ ಇಳಿಯುತ್ತದೆ. 1884ರ ಜನವರಿಯಲ್ಲಿ ಒಮ್ಮೆ 7.8 ಡಿಗ್ರಿ ದಾಖಲಾಗಿತ್ತು. ಬೀದರ್, ವಿಜಯಪುರದ ಕಡೆ ಕೆಲವು ವರ್ಷ ರಾತ್ರಿ ತಾಪಮಾನ ಒಂದಂಕಿಗೆ ಬರುತ್ತದೆ. ಮಡಿಕೇರಿ, ಚಿಕ್ಕಮಗಳೂರಿನ ಎಸ್ಟೇಟ್‌ಗಳಲ್ಲಿ ಇರುವವರಿಗೆ ಹೇಳಿಕೊಡುವ ಅಗತ್ಯವೇ ಇಲ್ಲ. ಊಟಿಯಲ್ಲಂತೂ ಹುಲ್ಲಿನ ಮೇಲೆ ಹಿಮವೇ ಕಟ್ಟುತ್ತದೆ.

ನಮ್ಮ ಕಡೆಯ ತೊಂದರೆ ಬೇರೆ ಥರ. ರಾತ್ರಿ 14 ಡಿಗ್ರಿ ಇದ್ದದ್ದು ಮಧ್ಯಾಹ್ನ 27 ಆಗುತ್ತದೆ. ಒಂದೇ ದಿನದಲ್ಲಿ ಇಷ್ಟು ಏರಿಳಿತ. ರಾತ್ರಿ ಕಾಪಾಡಿದ ಹೊದಿಕೆಯೇ ಮಧ್ಯಾಹ್ನ ಉಸಿರುಗಟ್ಟಿಸಬಹುದು. ಮೇಲಾಗಿ ನಾಲ್ಕನೇ ಮಹಡಿಯ ತಾರಸಿಯಲ್ಲಿ ಬೀಸುವ ಗಾಳಿ ಕೆಳಗಿನ ರಸ್ತೆಯಲ್ಲಿ ಇರುವುದಿಲ್ಲ. ಊರಿಗೆ 15 ಡಿಗ್ರಿ ಅಂದರೆ ತಾರಸಿಯ ಮೇಲಿನ ಬಲೆಗೂಡಿಗೆ ಅದಕ್ಕಿಂತ ಹೆಚ್ಚಿನ ಚಳಿಯೇ ಸರಿ.

ಗೂಡನ್ನು ಎಲ್ಲಿ ಇಡಬೇಕು?

ನೆಲಕ್ಕೆ ತಾಗದ ಹಾಗೆ ಇಡಿ. ಸಿಮೆಂಟ್ ನೆಲ ರಾತ್ರಿಯಿಡೀ ಮೈಯ ಶಾಖ ಎಳೆದುಕೊಳ್ಳುತ್ತದೆ, ಮಣ್ಣಿನ ನೆಲ ಅದರ ಜೊತೆ ತೇವವನ್ನೂ ಕೊಡುತ್ತದೆ. ನಾಲ್ಕು ಮೂಲೆಗೆ ಎರಡೆರಡು ಸಿಮೆಂಟ್ ಬ್ಲಾಕ್ ಕೊಟ್ಟು ಒಂದಡಿ ಎತ್ತರಿಸಿದರೆ ಸಾಕು. ಹಿಂಬದಿ ಗೋಡೆಗೆ ಬರಲಿ. ಎರಡು ಪಕ್ಕ ಪ್ಲೈವುಡ್‌ನಿಂದ ಮುಚ್ಚಿರಲಿ. ಮುಂಭಾಗ ಮಾತ್ರ ಬಲೆ. ನಮ್ಮಲ್ಲಿ ಮಾಗಿಯ ಗಾಳಿ ಹೆಚ್ಚಾಗಿ ಮೂಡಣದಿಂದ, ಈಶಾನ್ಯದಿಂದ ಬೀಸುತ್ತದೆ. ಬೆಳಗಿನ ಎಳೆಬಿಸಿಲು ಬರುವುದೂ ಮೂಡಣದಿಂದಲೇ. ಹಾಗಾಗಿ ಬಲೆ ಇರುವ ಮುಖವನ್ನು ದಕ್ಷಿಣಕ್ಕೆ ಅಥವಾ ಆಗ್ನೇಯಕ್ಕೆ ತಿರುಗಿಸಿದರೆ ಗಾಳಿಯೂ ತಪ್ಪುತ್ತದೆ, ಬಿಸಿಲೂ ಸಿಗುತ್ತದೆ.

ಎರಡು ಗಿನಿ ಪಿಗ್‌ಗೆ ಕಡಿಮೆಯೆಂದರೆ ನಾಲ್ಕಡಿ ಉದ್ದ, ಎರಡಡಿ ಅಗಲದ ಜಾಗ ಬೇಕು. ಓಡಾಡಿದರೆ ಮೈ ಬೆಚ್ಚಗಿರುತ್ತದೆ. ಆದರೆ ಮಲಗುವ ಪೆಟ್ಟಿಗೆ ಮಾತ್ರ ಚಿಕ್ಕದಿರಲಿ. ಎರಡಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದಡಿ ಎತ್ತರ ಸಾಕು. ದೊಡ್ಡ ಪೆಟ್ಟಿಗೆಯನ್ನು ಅವುಗಳ ಮೈಬಿಸಿ ತುಂಬಲಾರದು. ಬಾಗಿಲಿನ ಕಂಡಿ ಒಂದು ತುದಿಗಿರಲಿ. ನಡುವೆ ಇದ್ದರೆ ಗಾಳಿ ನೇರ ಮಲಗುವ ಜಾಗಕ್ಕೇ ನುಗ್ಗುತ್ತದೆ.

ತಳ ತಂತಿ ಬಲೆಯದ್ದಾಗಿದ್ದರೆ ಚಳಿಗಾಲಕ್ಕೆ ಮೊದಲು ಅದರ ಮೇಲೆ ಹಲಗೆ ಹಾಕಿಬಿಡಿ. ಕೆಳಗಿನಿಂದ ಗಾಳಿ ಬರುವುದಷ್ಟೇ ಅಲ್ಲ, ತಂತಿ ತುಳಿದು ತುಳಿದು ಪಾದದಲ್ಲಿ ಹುಣ್ಣಾಗುತ್ತದೆ. ಇನ್ನೊಂದು ಮಾತು: ಚಳಿಗೆ ಬೆಚ್ಚಗಿನ ಜಾಗ ಹುಡುಕುವುದು ಗಿನಿ ಪಿಗ್ ಮಾತ್ರ ಅಲ್ಲ. ಹೆಗ್ಗಣ, ಹಾವು, ಬೆಕ್ಕು, ಮುಂಗುಸಿ ಎಲ್ಲವೂ ಬರುತ್ತವೆ. ಕೋಳಿ ಬಲೆ ಸಾಲದು, ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿಸಿ.

ತಗಡಿನ ಚಾವಣಿ ಹಾಕಿದ್ದೇವೆ. ಮಳೆ ಬರದಿದ್ದರೂ ಬೆಳಿಗ್ಗೆ ಹುಲ್ಲು ಒದ್ದೆಯಾಗಿರುತ್ತದೆ, ಯಾಕೆ?

ತಗಡು ಬೆವರುತ್ತದೆ. ರಾತ್ರಿ ತಗಡು ತಣ್ಣಗಾಗುತ್ತದೆ. ಒಳಗಿನ ಉಸಿರು, ಉಚ್ಚೆಯ ಆವಿ ಎಲ್ಲ ಮೇಲೆ ಹೋಗಿ ಅದರ ಒಳಮೈಗೆ ಹನಿಗಟ್ಟುತ್ತದೆ. ಬೆಳಗಿನ ಜಾವ ಟಾರ್ಚ್ ಹಿಡಿದು ಕೆಳಗಿನಿಂದ ನೋಡಿ, ಸಾಲುಸಾಲಾಗಿ ಹನಿಗಳು ನಿಂತಿರುತ್ತವೆ. ಗಾಳಿಗೆ ತಗಡು ಸ್ವಲ್ಪ ಅಲುಗಿದರೆ ಎಲ್ಲವೂ ಒಟ್ಟಿಗೆ ಮಲಗಿದ ಪ್ರಾಣಿಗಳ ಬೆನ್ನ ಮೇಲೆ ಬೀಳುತ್ತವೆ. ಮನೆಯವರಿಗೆ ಇದು ಗೊತ್ತೇ ಆಗುವುದಿಲ್ಲ. ಎದ್ದು ಬರುವಷ್ಟರಲ್ಲಿ ಬಿಸಿಲಿಗೆ ತಗಡು ಒಣಗಿರುತ್ತದೆ, ಹುಲ್ಲು ಮಾತ್ರ ತೇವವಾಗಿರುತ್ತದೆ.

ತಗಡಿನ ಕೆಳಗೆ ಒಂದು ಗೇಣು ಜಾಗ ಬಿಟ್ಟು ಪ್ಲೈವುಡ್ ಹಲಗೆ ಹಾಕಿ. ಹಲಗೆಯನ್ನು ಹಿಂದಕ್ಕೆ ಸ್ವಲ್ಪ ಇಳಿಜಾರು ಮಾಡಿದರೆ ಹನಿಗಳು ಹಿಂದಕ್ಕೆ ಜಾರಿ ಹೊರಗೆ ಹೋಗುತ್ತವೆ. ಥರ್ಮಾಕೋಲ್ ಅಂಟಿಸುವುದಾದರೆ ಅದು ಹಲಗೆಗಿಂತ ಮೇಲಿರಲಿ. ಗಿನಿ ಪಿಗ್‌ಗಳ ಬಾಯಿಗೆ ಸಿಕ್ಕರೆ ತಿಂದುಬಿಡುತ್ತವೆ.

ಒಳಗೆ ಏನು ಹಾಸಬೇಕು?

ಕೆಳಗೆ ನಾಲ್ಕೈದು ಪದರ ಹಳೇ ನ್ಯೂಸ್‌ಪೇಪರ್. ಅದರ ಮೇಲೆ ಒಣಹುಲ್ಲು, ಮಲಗುವ ಪೆಟ್ಟಿಗೆಯಲ್ಲಿ ಕನಿಷ್ಠ ಆರು ಇಂಚು. ಸುಮ್ನೆ ಹರಡಬೇಡಿ, ತುಂಬಿ. ಅವು ಅದರೊಳಗೆ ಕೊರೆದುಕೊಂಡು ಹೋಗಿ ಗೂಡು ಮಾಡಿಕೊಳ್ಳುತ್ತವೆ. ಹುಲ್ಲಿನ ಎಳೆಗಳ ನಡುವೆ ನಿಂತ ಗಾಳಿಯೇ ಅವುಗಳ ಕಂಬಳಿ.

ಟಿಮೊತಿ ಹುಲ್ಲು ಆಮದಾಗಿ ಬರುತ್ತದೆ, ದುಬಾರಿ. ಅದನ್ನೇ ಹಾಸಬೇಕು ಅಂತ ಇಲ್ಲ. ತಿನ್ನಲು ಒಳ್ಳೆಯ ಹುಲ್ಲು ಕೊಟ್ಟು, ಹಾಸಲು ಚೆನ್ನಾಗಿ ಒಣಗಿಸಿದ ಗರಿಕೆ, ಮೆತ್ತಗಿನ ರಾಗಿಹುಲ್ಲು ಬಳಸಬಹುದು. ಭತ್ತದ ಹುಲ್ಲಿನಲ್ಲಿ ಬಿರುಸಾದ ಕಡ್ಡಿ ಇರುತ್ತದೆ, ಕಣ್ಣಿಗೆ ಚುಚ್ಚುತ್ತದೆ. ಹಾಕಲೇಬೇಕಾದರೆ ಕೈಯಿಂದ ಹೊಸಕಿ ಮೆದು ಮಾಡಿ ಕೆಳಗಿನ ಪದರಕ್ಕೆ ಮಾತ್ರ ಹಾಕಿ. ಯಾವ ಹುಲ್ಲೇ ಆದರೂ ಮೂಸಿ ನೋಡಿ. ಬೂಸ್ಟು ವಾಸನೆ ಬಂದರೆ ಆ ಕಟ್ಟನ್ನೇ ಬಿಸಾಡಿ.

ಸಾಮಿಲ್ ಮರದ ಹೊಟ್ಟು ಬೇಡ. ಧೂಳು ಶ್ವಾಸಕೋಶಕ್ಕೆ ಇಳಿಯುತ್ತದೆ, ಪೈನ್, ಸೀಡರ್ ಥರದ ಮರದ ಘಾಟು ಉಸಿರಾಟಕ್ಕೆ ಕೆಟ್ಟದ್ದು. ಭತ್ತದ ಹೊಟ್ಟೂ ಬೇಡ. ಹತ್ತಿ ಬೇಡ. ಗೋಣಿಚೀಲವನ್ನು ಒಳಗೆ ಹಾಸಬೇಡಿ, ಅದರ ನೂಲು ಕಾಲುಬೆರಳಿಗೆ ಸುತ್ತಿಕೊಂಡು ಬೆರಳೇ ಕೊಳೆಯಬಹುದು. ಹಳೇ ಬೆಡ್‌ಶೀಟ್, ಟವೆಲ್ ಹಾಸಿದರೆ ಉಚ್ಚೆ ಹೀರಿಕೊಂಡು ಒದ್ದೆಯಾಗಿಯೇ ಇರುತ್ತವೆ. ಚಳಿಗಾಲದ ಹೊರಗೂಡಿಗೆ ಅವು ಸರಿ ಹೋಗುವುದಿಲ್ಲ.

ದಿನಾ ಬೆಳಿಗ್ಗೆ ಪೆಟ್ಟಿಗೆಯ ಹುಲ್ಲಿನೊಳಗೆ ಮಣಿಕಟ್ಟಿನವರೆಗೂ ಕೈ ಹಾಕಿ. ಮೇಲೆ ಒಣಗಿದ್ದರೂ ತಳದಲ್ಲಿ ತಣ್ಣಗೆ ಅಂಟಂಟಾಗಿರಬಹುದು. ಅಂಟಿದ್ದಷ್ಟನ್ನು ತೆಗೆದು ಹೊಸ ಹುಲ್ಲು ತುಂಬಿ. ಬೆಚ್ಚಗೆ, ಗರಿಗರಿಯಾಗಿ ಕೈಗೆ ಸಿಕ್ಕರೆ ಆ ರಾತ್ರಿ ಅವು ಚೆನ್ನಾಗಿ ಮಲಗಿವೆ ಅಂತ ಅರ್ಥ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಯಾವುದೂ ಇಲ್ಲ.

ರಾತ್ರಿ ಟಾರ್ಪಾಲಿನ್ ಹಾಕಿ ಪೂರ್ತಿ ಮುಚ್ಚಬಹುದಾ?

ಪೂರ್ತಿ ಬೇಡ. ಮುಂಭಾಗದ ಬಲೆಯ ಮೇಲೆ ಕೆಳಗಿನಿಂದ ಮುಕ್ಕಾಲು ಭಾಗ ಮುಚ್ಚಿ, ಮೇಲೆ ಒಂದು ಗೇಣು ತೆರೆದಿಡಿ. ಅವುಗಳ ಮೈಗೆ ಗಾಳಿ ಬಡಿಯಬಾರದು, ಆದರೆ ತಲೆಯ ಮೇಲೆ ಗಾಳಿ ಆಡಬೇಕು. ಹೊದಿಸಲು ಗೋಣಿ ಅಥವಾ ಹಳೇ ಕಂಬಳಿ, ಅದರ ಹೊರಗೆ ಟಾರ್ಪಾಲಿನ್. ಬರೀ ಪ್ಲಾಸ್ಟಿಕ್ ಸುತ್ತಿದರೆ ಒಳಗೆಲ್ಲ ನೀರಿಳಿಯುತ್ತದೆ.

ಪೂರ್ತಿ ಮುಚ್ಚಿದ ಗೂಡಿನಲ್ಲಿ ಉಚ್ಚೆಯ ಅಮೋನಿಯ ನಿಲ್ಲುತ್ತದೆ. ಬೆಳಿಗ್ಗೆ ಹೊದಿಕೆ ಎತ್ತಿದಾಗ ನಿಮ್ಮ ಮೂಗಿಗೇ ಘಾಟು ಬಡಿದರೆ, ಹುಲ್ಲಿಗೆ ಮೂಗು ತಾಗಿಸಿಕೊಂಡೇ ರಾತ್ರಿ ಕಳೆದ ಅವಕ್ಕೆ ಹೇಗಾಗಿರಬೇಡ? ಆ ಘಾಟಿಗೆ ಉಸಿರಿನ ದಾರಿ ಹುಣ್ಣಾಗುತ್ತದೆ, ನ್ಯುಮೋನಿಯಕ್ಕೆ ಬಾಗಿಲು ತೆರೆಯುತ್ತದೆ. ಚಳಿ ತಪ್ಪಿಸಲು ಹೋಗಿ ಉಸಿರು ಕೆಡಿಸಬಾರದು.

ಬಿಸಿಲು ಬರುತ್ತಿದ್ದ ಹಾಗೆ ಹೊದಿಕೆ ತೆಗೆಯಿರಿ. ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಮರೆಯುವ ಕೆಲಸ ಇದು. ಬೆಳಿಗ್ಗೆ ಕಾಫಿಗೆ ಮೊದಲೇ ಮಾಡಿಬಿಡಿ.

ಕೋಳಿಮರಿಗೆ ಬಲ್ಬ್ ಹಾಕುವ ಹಾಗೆ ಇವಕ್ಕೂ ಹಾಕಬಹುದಾ?

ಬೇಡ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಒಳ್ಳೆಯ ಮನಸ್ಸಿನಿಂದಲೇ ತುಂಬ ಜನ ಇದನ್ನು ಮಾಡುತ್ತಾರೆ.

ಕೋಳಿಮರಿಗಳಿಗೆ ಬ್ರೂಡರ್ (ಬಲ್ಬ್ ಹಾಕಿದ ಬಿಸಿಗೂಡು) ಮಾಡುವವರು ಅಗಲವಾದ ಜಾಗ ಕೊಟ್ಟಿರುತ್ತಾರೆ. ಸೆಕೆಯಾದರೆ ಮರಿಗಳು ದೂರ ಓಡುತ್ತವೆ. ಎರಡಡಿ ಪೆಟ್ಟಿಗೆಯಲ್ಲಿ 60 ವ್ಯಾಟ್ ಬಲ್ಬ್ ಹಾಕಿದರೆ ಗಿನಿ ಪಿಗ್ ಓಡುವುದೆಲ್ಲಿಗೆ? ಅದಕ್ಕೆ ಬೆವರುವ ಶಕ್ತಿ ಇಲ್ಲ. ಚಳಿಗಿಂತ ಬೇಗ ಅದನ್ನು ಕೊಲ್ಲುವುದು ಬಿಸಿ. ಎರಡನೆಯದು ಬೆಂಕಿ. ಗೂಡಿನ ತುಂಬ ಒಣಹುಲ್ಲು, ಅದರ ಮೇಲೆ ಸುಡುವ ಬಲ್ಬ್. ಬಲ್ಬ್ ಕಳಚಿ ಬಿದ್ದರೆ ಮುಗಿಯಿತು. ಮೂರನೆಯದು ವೈರ್. ಇವುಗಳ ಹಲ್ಲು ಬದುಕಿರುವಷ್ಟು ದಿನವೂ ಬೆಳೆಯುತ್ತಲೇ ಇರುತ್ತದೆ, ಸಿಕ್ಕಿದ್ದನ್ನೆಲ್ಲ ಕಡಿಯುತ್ತವೆ. ನಾಲ್ಕನೆಯದು ನಮ್ಮ ಕರೆಂಟ್. ರಾತ್ರಿ ಎಲ್ಲ ಬಿಸಿಯಲ್ಲಿದ್ದ ಪ್ರಾಣಿಗೆ ಬೆಳಗಿನ ಜಾವ ಮೂರಕ್ಕೆ ಕರೆಂಟ್ ಹೋದರೆ ಒಮ್ಮೆಲೇ ಚಳಿ ಹೊಡೆಯುತ್ತದೆ.

ಅಷ್ಟು ಚಳಿ ಇದೆ ಅನ್ನಿಸಿದರೆ ಗೂಡನ್ನೇ ಒಳಗೆ ತನ್ನಿ. ಕೋಣೆಯನ್ನು ಆಯಿಲ್ ಹೀಟರ್‌ನಿಂದ ಬೆಚ್ಚಗಿಡಬಹುದು. ಅದು ಗೂಡಿನಿಂದ ದೂರವಿರಲಿ.

ಮತ್ತೆ ಬಿಸಿ ಕೊಡುವುದು ಹೇಗೆ?

ಬಿಸಿನೀರಿನ ಬಾಟಲಿ ಸಾಕು. ಒಂದು ಲೀಟರ್ ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಬಿಗಿ ಮಾಡಿ, ಎರಡು ಪದರ ದಪ್ಪ ಟವೆಲ್ ಸುತ್ತಿ. ನಿಮ್ಮ ಕೆನ್ನೆಗೆ ಇಟ್ಟು ನೋಡಿ. ಹಿತವಾಗಿದ್ದರೆ ಅವಕ್ಕೂ ಹಿತ. ಎರಡು ಪದರದ ಫ್ಲಾಸ್ಕ್ ಬಾಟಲಿ ಬೇಡ, ಅದು ಬಿಸಿಯನ್ನು ಹೊರಗೇ ಬಿಡುವುದಿಲ್ಲ. ರಬ್ಬರ್ ಚೀಲ, ಪ್ಲಾಸ್ಟಿಕ್ ಬಾಟಲಿಯನ್ನು ಕಡಿದು ತೂತು ಮಾಡಿದರೆ ಗೂಡೆಲ್ಲ ಒದ್ದೆ. ಬಾಟಲಿಯನ್ನು ಪೆಟ್ಟಿಗೆಯ ಒಂದು ಬದಿಗೆ ಇಡಿ, ಬೇಕಾದರೆ ಹತ್ತಿರ ಬರಲಿ, ಸಾಕಾದರೆ ದೂರ ಹೋಗಲಿ. ಬೆಳಗಿನ ಜಾವಕ್ಕೆ ಅದು ತಣ್ಣಗಾಗಿರುತ್ತದೆ, ತಣ್ಣನೆಯ ಸ್ಟೀಲ್ ಮೈಗೆ ತಾಗದ ಹಾಗೆ ಟವೆಲ್ ದಪ್ಪವಾಗಿರಲಿ.

ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟರೆ? ಸಾಂಬ್ರಾಣಿ ಹೊಗೆ ಹಾಕಿದರೆ?

ಎರಡೂ ಬೇಡ. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಮನುಷ್ಯರನ್ನೇ ಕೊಲ್ಲುತ್ತದೆ. ಹೊಗೆ, ಸೊಳ್ಳೆ ಬತ್ತಿ, ಅಗರಬತ್ತಿ ಎಲ್ಲವೂ ಅವುಗಳ ಶ್ವಾಸಕೋಶಕ್ಕೆ ಹೊರೆ. ಕರ್ಪೂರ, ನುಸಿಗುಳಿಗೆ ಅಂತೂ ವಿಷ.

ಒಂದೇ ಗಿನಿ ಪಿಗ್ ಇದೆ. ಜೊತೆಗೆ ಮೊಲ ಬಿಟ್ಟರೆ ಬೆಚ್ಚಗಿರುತ್ತಾ?

ಜೊತೆ ಬೇಕು, ಆದರೆ ಇನ್ನೊಂದು ಗಿನಿ ಪಿಗ್ ಬೇಕು. ಒಂಟಿ ಗಿನಿ ಪಿಗ್ ಹೊರಗೆ ಚಳಿಯಲ್ಲಿ ಇರಲೇಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎರಡಿದ್ದರೆ ಪಕ್ಕಪಕ್ಕ ಮಲಗಿ ಬಿಸಿ ಹಂಚಿಕೊಳ್ಳುತ್ತವೆ, ಎದ್ದು ತಿನ್ನುತ್ತವೆ, ಓಡಾಡುತ್ತವೆ.

ಮೊಲ ಒದ್ದರೆ ಗಿನಿ ಪಿಗ್‌ನ ಮೂಳೆ ಮುರಿಯಬಹುದು. ಅದಕ್ಕಿಂತ ದೊಡ್ಡ ಕಾರಣ ಬೊರ್ಡೆಟೆಲ್ಲ ಅನ್ನುವ ಬ್ಯಾಕ್ಟೀರಿಯ. ಮೊಲ, ನಾಯಿಗಳು ಅದನ್ನು ಮೂಗಿನಲ್ಲಿ ಇಟ್ಟುಕೊಂಡೂ ಆರೋಗ್ಯವಾಗಿರುತ್ತವೆ. ಗಿನಿ ಪಿಗ್‌ಗೆ ಅದೇ ನ್ಯುಮೋನಿಯ ಆಗಿ ಜೀವ ತೆಗೆಯುತ್ತದೆ. ಎರಡು ಹೆಣ್ಣುಗಳ ಜೋಡಿ ಸುಲಭ. ಗಂಡು ಹೆಣ್ಣು ಒಟ್ಟಿಗೆ ಬಿಟ್ಟರೆ ಕೆಲವೇ ತಿಂಗಳಲ್ಲಿ ಗೂಡು ತುಂಬಿಹೋಗುತ್ತದೆ.

ಚಳಿಗಾಲದಲ್ಲಿ ಏನು ತಿನ್ನಿಸಬೇಕು?

ಹುಲ್ಲು, ಹುಲ್ಲು, ಇನ್ನೂ ಹುಲ್ಲು. ಹೊಟ್ಟೆಯಲ್ಲಿ ನಾರು ಹುದುಗುವಾಗ ಒಳಗಿನಿಂದಲೇ ಶಾಖ ಹುಟ್ಟುತ್ತದೆ. ಚಳಿಯಲ್ಲಿ ಮೈ ಬೆಚ್ಚಗಿಡಲು ಅವು ಜಾಸ್ತಿ ತಿನ್ನುತ್ತವೆ. ಹಾಗಾಗಿ ರಾತ್ರಿ ಮಲಗುವ ಮೊದಲು ತಿನ್ನುವ ಹುಲ್ಲನ್ನು ಇನ್ನೊಮ್ಮೆ ತುಂಬಿಡಿ, ಅದೂ ಮಲಗುವ ಜಾಗದ ಹತ್ತಿರವೇ. ಕುದುರೆ ಮಸಾಲೆ (ಲೂಸರ್ನ್) ಸೊಪ್ಪಿನಲ್ಲಿ ಕ್ಯಾಲ್ಸಿಯಂ ಜಾಸ್ತಿ. ಮರಿಗಳಿಗೂ ಬಸುರಿಗೂ ಕೊಡಿ, ಉಳಿದವಕ್ಕೆ ದಿನಾ ಬೇಡ.

ವಿಟಮಿನ್ ಸಿ ಮರೆಯಬೇಡಿ. ನಮ್ಮ ಹಾಗೆಯೇ ಇವುಗಳ ದೇಹವೂ ಅದನ್ನು ತಯಾರಿಸುವುದಿಲ್ಲ. ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ಚಳಿಗೆ ಮುದುಡಿ ಕೂತಿದೆ, ನಡೆಯಲು ಒಲ್ಲೆ ಅನ್ನುತ್ತಿದೆ ಅಂತ ನಾವು ಅಂದುಕೊಂಡರೆ, ನಿಜಕ್ಕೂ ಅದು ವಿಟಮಿನ್ ಸಿ ಕೊರತೆಯ ಕೀಲುನೋವು ಆಗಿರಬಹುದು. ದಪ್ಪ ಮೆಣಸಿನಕಾಯಿಯ ಒಂದೆರಡು ತುಂಡು, ಕೊತ್ತಂಬರಿ ಸೊಪ್ಪು ದಿನಾ ಕೊಡಿ. ಸೀಬೆಹಣ್ಣಿನ, ಬೆಟ್ಟದ ನೆಲ್ಲಿಕಾಯಿಯ ತೆಳು ಹೋಳು ಆಗಾಗ ಕೊಡಿ. ನೆಲ್ಲಿಕಾಯಿ ಹೇಗೂ ಈ ಕಾಲದ್ದೇ. ಕುಡಿಯುವ ನೀರಿಗೆ ವಿಟಮಿನ್ ಹನಿ ಹಾಕಿದರೆ ಉಪಯೋಗ ಕಡಿಮೆ, ಬೇಗ ಸತ್ವ ಕಳೆದುಕೊಳ್ಳುತ್ತದೆ.

ಸೊಪ್ಪನ್ನು ಫ್ರಿಜ್‌ನಿಂದ ತೆಗೆದು ಹಾಗೇ ಕೊಡಬೇಡಿ. ತೊಳೆದು, ಬಟ್ಟೆಯಲ್ಲಿ ಒರೆಸಿ, ಹೊರಗಿಟ್ಟು ಕೊಡಿ. ಮಂಜು ಬಿದ್ದ ಹುಲ್ಲನ್ನು ಬೆಳಿಗ್ಗೆಯೇ ಕಿತ್ತು ತಂದು ಹಾಕಬೇಡಿ.

ಅನ್ನ, ಚಪಾತಿ, ಬ್ರೆಡ್ ಕೊಟ್ಟರೆ ಮೈ ಬರುತ್ತದೆ, ಚಳಿ ತಡೆಯುತ್ತದೆ ಅನ್ನುವುದು ತಪ್ಪು. ಹೊಟ್ಟೆ ಕೆಡುತ್ತದೆ. ಅವರೆಕಾಯಿ ಕಾಲದಲ್ಲಿ ಸಿಪ್ಪೆಯ ರಾಶಿ ಇರುತ್ತದೆ, ಅದನ್ನು ಹಸುವಿಗೆ ಹಾಕಿ, ಇವಕ್ಕೆ ಬೇಡ, ಹೊಟ್ಟೆ ಉಬ್ಬರಿಸೀತು. ಸಂಕ್ರಾಂತಿಯ ಎಳ್ಳು ಬೆಲ್ಲ, ಕಬ್ಬನ್ನು ಮಕ್ಕಳು ಪ್ರೀತಿಯಿಂದ ಹಂಚಿಕೊಳ್ಳಲು ಹೋಗುತ್ತಾರೆ. ಆ ಪ್ರೀತಿಗೆ ಒಂದು ಕೊತ್ತಂಬರಿ ಕಡ್ಡಿ ಕೈಗೆ ಕೊಡಿ.

ನೀರು ಬಿಸಿ ಮಾಡಿ ಕೊಡಬೇಕಾ?

ಉಗುರುಬೆಚ್ಚಗೆ ಮಾಡಿ ಕೊಟ್ಟರೆ ಜಾಸ್ತಿ ಕುಡಿಯುತ್ತವೆ. ನೀರಿನ ಬಾಟಲಿ ಮಲಗುವ ಜಾಗದ ಮೇಲೆ ಬರಬಾರದು. ಒಂದೊಂದೇ ಹನಿ ತೊಟ್ಟಿಕ್ಕಿದರೂ ಹುಲ್ಲು ನೆನೆಯುತ್ತದೆ.

ಸ್ನಾನ? ಸ್ವೆಟರ್?

ಚಳಿಗಾಲದಲ್ಲಿ ಸ್ನಾನ ಬೇಡ. ಹಿಂಭಾಗ ಕೊಳೆಯಾಗಿದ್ದರೆ ಒದ್ದೆ ಬಟ್ಟೆಯಿಂದ ಅಷ್ಟೇ ಒರೆಸಿ, ಪೂರ್ತಿ ಒಣಗಿಸಿ ಬಿಡಿ. ಉದ್ದ ಕೂದಲಿನ ಜಾತಿಯದ್ದಾದರೆ ಹಿಂದಿನ ಕೂದಲು ಕತ್ತರಿಸಿ, ಇಲ್ಲದಿದ್ದರೆ ಉಚ್ಚೆಗೆ ನೆನೆದು ತಣ್ಣಗಿರುತ್ತದೆ. ಸ್ವೆಟರ್ ಬೇಡವೇ ಬೇಡ. ಹೆದರುತ್ತವೆ, ಕಡಿಯುತ್ತವೆ, ಕಾಲು ಸಿಕ್ಕಿಸಿಕೊಳ್ಳುತ್ತವೆ. ಕೂದಲಿಲ್ಲದ ಸ್ಕಿನ್ನಿ ಪಿಗ್ ಹೊರಗೆ ಸಾಕುವ ಪ್ರಾಣಿಯೇ ಅಲ್ಲ.

ಬಸುರಿ, ಮರಿ, ವಯಸ್ಸಾದವು ಹೊರಗಿರಬಹುದಾ?

ಚಳಿಗಾಲದಲ್ಲಿ ಇವೆಲ್ಲ ಒಳಗೆ. ಗಿನಿ ಪಿಗ್ ಮರಿಗಳು ಕಣ್ಣು ತೆರೆದು, ಮೈತುಂಬ ಕೂದಲಿಟ್ಟುಕೊಂಡೇ ಹುಟ್ಟುತ್ತವೆ, ಹುಟ್ಟಿದ ದಿನವೇ ಓಡಾಡುತ್ತವೆ. ಅದನ್ನು ನೋಡಿ ಗಟ್ಟಿ ಇವೆ ಅಂದುಕೊಳ್ಳುತ್ತೇವೆ. ಆದರೆ ತೂಕ ನೂರು ಗ್ರಾಂ ಆಸುಪಾಸು, ಹುಟ್ಟುವಾಗ ಮೈ ಒದ್ದೆ. ಬೇಗ ತಣ್ಣಗಾಗಿಬಿಡುತ್ತವೆ. ಬಸುರಿ ಚಳಿಗೆ ತಿನ್ನುವುದು ಬಿಟ್ಟರೆ ತಾಯಿಯ ಜೀವಕ್ಕೇ ಕುತ್ತು. ಗರ್ಭ ಸುಮಾರು 59ರಿಂದ 72 ದಿನ. ನವೆಂಬರ್, ಡಿಸೆಂಬರ್‌ನಲ್ಲಿ ಮರಿ ಆಗದ ಹಾಗೆ ಆಗಸ್ಟ್ ಮಧ್ಯದೊಳಗೇ ಗಂಡನ್ನು ಬೇರೆ ಮಾಡಿ. ಐದು ವರ್ಷ ದಾಟಿದವಕ್ಕೆ ಕೀಲು ಹಿಡಿದುಕೊಳ್ಳುತ್ತದೆ, ಅವಕ್ಕೆ ಮನೆಯ ಒಂದು ಮೂಲೆ ಕೊಡಿ.

ನಾವು ಮಲೆನಾಡಿನವರು. ಇಲ್ಲಿ ಮಳೆಗಾಲವೇ ಹೆಚ್ಚು ಕಷ್ಟ. ಏನು ಮಾಡೋದು?

ನಿಮ್ಮ ಮಾತು ಸರಿ. ಆಗುಂಬೆ, ಮಡಿಕೇರಿ, ಸಕಲೇಶಪುರದ ಕಡೆ ಜುಲೈ ತಿಂಗಳು ಜನವರಿಗಿಂತ ಕೆಟ್ಟದ್ದು. ಜನವರಿಯ ರಾತ್ರಿ ಎಷ್ಟೇ ತಣ್ಣಗಿದ್ದರೂ ಹಗಲು ಬಿಸಿಲಿಗೆ ಎಲ್ಲ ಒಣಗುತ್ತದೆ. ಜುಲೈಯಲ್ಲಿ ವಾರಗಟ್ಟಲೆ ಒಂದು ಟವೆಲ್ ಒಣಗುವುದಿಲ್ಲ. ಎರಚಲು ಒಳಗೇ ಬರುತ್ತದೆ. ಹುಲ್ಲಿಗೆ ಬೂಸ್ಟು ಹಿಡಿಯುತ್ತದೆ. ಮೈಗೆ ಹುಳುಕಡ್ಡಿ ಬರುತ್ತದೆ, ಅದು ಎತ್ತಿ ಆಡಿಸುವ ಮಕ್ಕಳಿಗೂ ಅಂಟುತ್ತದೆ.

ಮುಂಗಾರು ಶುರುವಾಗಿ ಮುಗಿಯುವ ತನಕ ಗೂಡು ಜಗಲಿಗೋ, ಕೊಟ್ಟಿಗೆಯ ಒಣ ಮೂಲೆಗೋ, ಮನೆಯೊಳಕ್ಕೋ ಬರಲಿ. ಮೇ ತಿಂಗಳ ಬಿಸಿಲಲ್ಲೇ ಮಳೆಗಾಲಕ್ಕೆ ಬೇಕಾದಷ್ಟು ಹುಲ್ಲು ಒಣಗಿಸಿ ಅಟ್ಟಕ್ಕೆ ಹಾಕಿಡಿ, ಒಲೆಯ ಹೊಗೆ ಹಿಡಿಯದ ಕಡೆ. ಹಾಸನ್ನು ದಿನಕ್ಕೆ ಎರಡು ಸಲ ನೋಡಿ. ಕೊಟ್ಟಿಗೆಯಲ್ಲಿ ಇಲಿ ಇದ್ದೇ ಇರುತ್ತವೆ. ಇಲಿಯ ಉಚ್ಚೆಯಿಂದ ರೋಗ ಬರುತ್ತದೆ, ಆದ್ದರಿಂದ ತಿನ್ನುವ ಹುಲ್ಲನ್ನು ಮುಚ್ಚಿದ ಡ್ರಮ್‌ನಲ್ಲಿ ಇಡಿ.

ಚಳಿ ಹಿಡಿದಿದೆ ಅಂತ ಹೇಗೆ ಗೊತ್ತಾಗುತ್ತದೆ?

ಕೂದಲು ಉಬ್ಬಿಸಿಕೊಂಡು ಉಂಡೆಯಾಗಿ ಮೂಲೆಯಲ್ಲಿ ಕೂರುತ್ತದೆ. ಸೊಪ್ಪಿನ ಕವರ್ ಸದ್ದಿಗೆ ಎಂದಿನ ಹಾಗೆ ವೀಕ್ ವೀಕ್ ಅನ್ನುವುದಿಲ್ಲ. ಕಿವಿ, ಪಾದ ತಣ್ಣಗಿರುತ್ತವೆ. ಕಣ್ಣಿನ ಅಂಚಲ್ಲಿ ಪೊರೆ, ಮೂಗಲ್ಲಿ ಸಿಂಬಳ, ಮುಂಗಾಲಿನ ಒಳಬದಿಯ ಕೂದಲು ಅಂಟಂಟು. ಮೂಗನ್ನು ಮುಂಗಾಲಿನಿಂದಲೇ ಒರೆಸಿಕೊಳ್ಳುವುದರಿಂದ ಹಾಗಾಗುತ್ತದೆ. ಎದೆಗೆ ಕಿವಿಯಿಟ್ಟರೆ ಟಿಕ್ ಟಿಕ್ ಅಥವಾ ಗೊರಗೊರ ಸದ್ದು. ಹಿಕ್ಕೆ ಕಡಿಮೆಯಾಗುತ್ತದೆ.

ಗಿನಿ ಪಿಗ್ ಕಾಯಿಲೆ ಮುಚ್ಚಿಡುವ ಪ್ರಾಣಿ. ಕಣ್ಣಿಗೆ ಕಾಣುವಷ್ಟು ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೇ ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೆರಡು ಸಲ ತೂಕ ನೋಡಿ ಬರೆದಿಡಿ. 50 ಗ್ರಾಂ ಇಳಿದರೆ ಕಣ್ಣಿಡಿ. 100 ಗ್ರಾಂ ಇಳಿದರೆ ವೈದ್ಯರ ಹತ್ತಿರ ಹೋಗಿ. 12 ಗಂಟೆ ಏನೂ ತಿನ್ನದಿದ್ದರೆ ಕಾಯಬೇಡಿ, ಅದೇ ದಿನ ಹೊರಡಿ.

ಬೆಳಿಗ್ಗೆ ನೋಡಿದರೆ ತಣ್ಣಗಾಗಿ ಬಿದ್ದಿದೆ, ಉಸಿರಿದೆ. ಏನು ಮಾಡಲಿ?

ಟವೆಲ್‌ನಲ್ಲಿ ಸುತ್ತಿ, ನಿಮ್ಮ ಎದೆಗೆ ಒತ್ತಿಕೊಂಡು, ಮೇಲೆ ಶಾಲು ಹೊದ್ದುಕೊಳ್ಳಿ. ಪಕ್ಕಕ್ಕೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇಡಿ. ನಿಧಾನವಾಗಿ ಬೆಚ್ಚಗಾಗಬೇಕು. ಬಿಸಿನೀರಿನಲ್ಲಿ ಮುಳುಗಿಸಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ. ಬಾಯಿಗೆ ಹಾಲು, ಬ್ರಾಂದಿ ಏನೂ ಹಾಕಬೇಡಿ. ನುಂಗುವ ಶಕ್ತಿ ಇಲ್ಲದಾಗ ಹಾಕಿದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ತಲೆ ಎತ್ತಿ ನೋಡುವಂತಾದ ಮೇಲೆ ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಆಹಾರ) ನೆನೆಸಿದ ತೆಳು ಗಂಜಿಯನ್ನು ಸಿರಿಂಜ್‌ನಿಂದ ತುಟಿಯ ಪಕ್ಕಕ್ಕೆ ಸ್ವಲ್ಪ ಸ್ವಲ್ಪ ಕೊಡಬಹುದು. ಚೇತರಿಸಿಕೊಂಡ ಹಾಗೆ ಕಂಡರೂ ವೈದ್ಯರಿಗೆ ತೋರಿಸಿ.

ಮನೆಯಲ್ಲಿ ಶೀತದ ಮಾತ್ರೆ, ಆ್ಯಂಟಿಬಯಾಟಿಕ್ ಇದೆ. ಸ್ವಲ್ಪ ಕೊಡಬಹುದಾ?

ದಯವಿಟ್ಟು ಕೊಡಬೇಡಿ. ನಮಗೆ, ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್, ಪೆನಿಸಿಲಿನ್ ಗುಂಪಿನ ಔಷಧಿಗಳು ಗಿನಿ ಪಿಗ್‌ನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಗಳನ್ನು ಕೊಂದು, ವಿಷ ಹುಟ್ಟಿಸುವವುಗಳಿಗೆ ಜಾಗ ಮಾಡಿಕೊಡುತ್ತವೆ. ಕೆಲವೇ ದಿನಗಳಲ್ಲಿ ಭೇದಿಯಾಗಿ ಸಾಯುತ್ತವೆ. ಇವಕ್ಕೆ ಹೊಂದುವ ಆ್ಯಂಟಿಬಯಾಟಿಕ್‌ಗಳು ಬೇರೆ ಇವೆ, ತೂಕ ನೋಡಿ ವೈದ್ಯರೇ ಕೊಡಬೇಕು. ದನ, ನಾಯಿ ನೋಡಿ ಅಭ್ಯಾಸವಿರುವ ವೈದ್ಯರಾದರೆ "ಇದು ಗಿನಿ ಪಿಗ್ ಡಾಕ್ಟ್ರೇ, ಪೆನಿಸಿಲಿನ್ ಆಗಲ್ಲ ಅಂತಾರಲ್ವಾ?" ಅಂತ ವಿನಯದಿಂದಲೇ ಕೇಳಿ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಚಿಕ್ಕ ಪ್ರಾಣಿಗಳನ್ನು ನೋಡುವ ವೈದ್ಯರು ನಿಮ್ಮ ಹತ್ತಿರ ಯಾರಿದ್ದಾರೆ ಅಂತ ಕಾಯಿಲೆ ಬರುವ ಮೊದಲೇ ವಿಚಾರಿಸಿಟ್ಟುಕೊಳ್ಳಿ.

ರಾತ್ರಿ ಒಳಗೆ, ಹಗಲು ಹೊರಗೆ ಇಡಬಹುದಾ?

ಇಡಬಹುದು, ನಮ್ಮ ಊರುಗಳಿಗೆ ನನಗೆ ಎಲ್ಲಕ್ಕಿಂತ ಸರಿ ಅನ್ನಿಸುವುದು ಇದೇ. ಸಂಜೆ ಐದೂವರೆ ಒಳಗೆ ಒಳಗೆ ತನ್ನಿ, ಬೆಳಿಗ್ಗೆ ಬಿಸಿಲು ಬಲಿತ ಮೇಲೆ ಬಿಡಿ. ಒಳಗಿನ ಕೋಣೆ ಹೀಟರ್ ಹಾಕಿ ಕುದಿಯುವಂತೆ ಇರಬಾರದು. ಫ್ಯಾನ್ ಕೆಳಗೆ, ಅಡುಗೆಯ ಒಗ್ಗರಣೆ ಹೊಗೆ ಬರುವ ಕಡೆ, ನಾಯಿ ಮಲಗುವ ಕಡೆ ಬೇಡ.

ಇಂಗ್ಲೆಂಡಿನಲ್ಲಿ ಇದ್ದೇವೆ. ಇಲ್ಲಿ ಎಲ್ಲರೂ ಹಿತ್ತಲ ಗೂಡಿನಲ್ಲೇ ಸಾಕುತ್ತಾರೆ. ಚಳಿಗಾಲಕ್ಕೆ ಏನು ಮಾಡಲಿ?

ಅಲ್ಲಿ ಚಳಿಗಾಲದ ಎಷ್ಟೋ ದಿನ ಹಗಲಲ್ಲೂ ತಾಪಮಾನ ಒಂದಂಕಿ ದಾಟುವುದಿಲ್ಲ. ಮನೆಯೊಳಗೆ ಜಾಗವಿದ್ದರೆ ಅಕ್ಟೋಬರ್ ಕೊನೆಗೇ ತಂದುಬಿಡಿ. ಇಲ್ಲದಿದ್ದರೆ ಒಣಗಿದ, ಕಿಟಕಿ ಇರುವ ಶೆಡ್‌ನೊಳಗೆ ಗೂಡನ್ನು ಇಡಿ. ಗರಾಜ್ ಆಗಬಹುದು, ಆದರೆ ಅಲ್ಲಿ ಕಾರು ನಿಲ್ಲಿಸಬಾರದು, ಹೊಗೆ ಕೊಲ್ಲುತ್ತದೆ. ಮೈಕ್ರೊವೇವ್‌ನಲ್ಲಿ ಬಿಸಿ ಮಾಡುವ ಪ್ರಾಣಿಗಳ ಪ್ಯಾಡ್ ಅಲ್ಲಿ ಸುಲಭವಾಗಿ ಸಿಗುತ್ತದೆ, ಅದರ ಮೇಲೆ ಬರೆದಷ್ಟೇ ನಿಮಿಷ ಬಿಸಿ ಮಾಡಿ. ನೀರಿನ ಬಾಟಲಿಯಲ್ಲಿ ನೀರು ಕಂಡರೂ ಕೊಳವೆಯ ತುದಿಯ ಗುಂಡು ಹೆಪ್ಪುಗಟ್ಟಿರಬಹುದು. ಬೆರಳಿನಿಂದ ಒತ್ತಿ ನೀರು ಬರುತ್ತದಾ ಅಂತ ಬೆಳಿಗ್ಗೆ, ಸಂಜೆ ನೋಡಿ. ಕೆನಡಾ, ಅಮೆರಿಕದ ಉತ್ತರ ಭಾಗದವರಿಗೆ ನನ್ನ ಉತ್ತರ ಚಿಕ್ಕದು: ಹೊರಗೆ ಬೇಡ.

ಹೊದಿಕೆ ಯಾವಾಗ ತೆಗೆಯಬೇಕು?

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತದೆ ಅನ್ನುತ್ತಾರಲ್ಲ, ಬೆಂಗಳೂರು, ಮೈಸೂರಿನ ಕಡೆಗೆ ಅದು ಸರಿಯಾದ ಲೆಕ್ಕವೇ. ಬೀದರ್, ಕಲಬುರಗಿಯಲ್ಲಿ ಅಷ್ಟು ದಿನ ಕಾಯಬೇಡಿ, ಫೆಬ್ರವರಿಯಲ್ಲೇ ಮಧ್ಯಾಹ್ನ ಬೇಯಲು ಶುರುವಾಗುತ್ತದೆ. ಗೂಡಿನೊಳಗಿನ ಥರ್ಮಾಮೀಟರ್ ಒಂದು ವಾರ ಬೆಳಗಿನ ಜಾವ 17, 18 ತೋರಿಸಿದರೆ ರಾತ್ರಿಯ ಹೊದಿಕೆ ತೆಗೆಯಿರಿ, ಹುಲ್ಲನ್ನು ಅರ್ಧ ಮಾಡಿ. ಥರ್ಮಾಮೀಟರ್ ಮಾತ್ರ ಅಲ್ಲೇ ಇರಲಿ. ಅದು 27 ದಾಟಿದ ದಿನದಿಂದ ನೆರಳು, ತಣ್ಣನೆ ಹೆಂಚು, ಒದ್ದೆ ಗೋಣಿಯ ಪರದೆ ಅಂತ ಬೇಸಿಗೆಯ ಕೆಲಸ ಶುರು.